ಪಿಸ್ತೂಲೋ, ಕೇಪಿನ ಕೋವಿಯೋ?

ಕಾಡಿನ ಸೆರಗಿನಲ್ಲಿ ಸಂಸಾರ ಹೂಡಿದವರಿಗೆ ಆಯುಧದ ವಿಚಾರವು ವಿನೋದದ ವಿಷಯವಲ್ಲ. ಪಟ್ಟಣವಾಸಿಗಳಾದ ವಾಚಕರಿಗೆ ಪಿಸ್ತೂಲೆಂಬ ಶಬ್ದವು ಕಿವಿಗೆ ಬಿದ್ದೊಡನೆ ಪತ್ತೇದಾರಿ ಕಾದಂಬರಿಯೋ ಚಲಚ್ಚಿತ್ರವೋ ನೆನಪಾಗುವದು ಸಹಜ. ಆದರೆ ಹೊನ್ನಾವರ, ಕುಮಟಾ, ಭಟ್ಕಳ ಈ ಮೂರು ತಾಲೂಕುಗಳಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ಘಟ್ಟದ ಬುಡಕ್ಕೆ ಮುಖ ಮಾಡಿ ಕುಳಿತ ಊರುಗಳಲ್ಲಿ, ರಾತ್ರಿ ತೋಟಕ್ಕೆ ಹೋಗುವವನು ಕೈಯಲ್ಲಿ ಏನು ಹಿಡಿದು ಹೋಗತಕ್ಕದ್ದು ಎಂಬದು ಊಟದ ಪಂಕ್ತಿಯಲ್ಲಿಯೇ ಪ್ರಸ್ತಾಪಕ್ಕೆ ಬರುವ ಮಾತು. ನಮ್ಮ ಮನೆಯಲ್ಲಿ ಈ ಮಾತು ಈ ವರ್ಷ ಐದಾರು ತಿಂಗಳ ಪರ್ಯಂತ ನಡೆಯಿತು. ಒಂದೆರಡು ಸಲ ಊಟವನ್ನು ಅರ್ಧಕ್ಕೇ ಬಿಟ್ಟು ಏಳುವವರೆಗೂ ಹೋಯಿತು. ಇದೇ ಪೇಚಿನಲ್ಲಿರುವ ಗೃಹಸ್ಥರು ವಾಚಕರಲ್ಲಿ ಕೆಲವರಾದರೂ ಇರಬಹುದೆಂದು ಭಾವಿಸಿ, ನಾವು ವಿಚಾರಿಸಿ ತಿಳಿದದ್ದನ್ನೂ ಕಡೆಗೆ ನಿಶ್ಚಯಿಸಿದ್ದನ್ನೂ ಇಲ್ಲಿ ಬರೆಯುತ್ತೇವೆ.

ಪ್ರಸಂಗ ಬಂದದ್ದು ಹೀಗೆ. ನಮ್ಮ ತೀರ್ಥರೂಪರು ಕಳೆದ ಚೈತ್ರದಲ್ಲಿ ಸ್ವರ್ಗಸ್ಥರಾದರು. ಅವರ ಹೆಸರಿನಲ್ಲಿ ಬೆಳೆರಕ್ಷಣೆಯ ಲೈಸೆನ್ಸಿನ ಮೇಲೆ ಒಂಟಿನಳಿಗೆಯ ಕೇಪಿನ ಕೋವಿಯೊಂದಿತ್ತು. ಮದ್ದನ್ನೂ ಚೆರೆಯನ್ನೂ ನಳಿಗೆಯ ಬಾಯಿಂದ ಹಾಕಿ, ಗಜದ ಕೋಲಿನಿಂದ ಜಡಿದು, ಹಿಂದೆ ಕೇಪು ಕೂರಿಸಿ ಹಾರಿಸುವ ಈ ಕೋವಿಯನ್ನು ನಮ್ಮ ಕಡೆಯ ಹಳೆಯ ಮನೆಗಳನ್ನು ಕಂಡವರೆಲ್ಲರೂ ಬಲ್ಲರು. ಭತ್ತವು ಹಾಲು ಕಟ್ಟುವ ಕಾಲದಲ್ಲಿ ತೀರ್ಥರೂಪರು ಗದ್ದೆಯ ಮಾಳದ ಮೇಲೆ ಕುಳಿತು, ಹಂದಿಗಳ ಗುರುಗುಟ್ಟುವಿಕೆ ಕೇಳಿದಾಗ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಆ ಸದ್ದು ಗುಡ್ಡದಿಂದ ಗುಡ್ಡಕ್ಕೆ ತಾಗಿ ಹಿಂದಿರುಗುವಷ್ಟರಲ್ಲಿ ಗದ್ದೆ ಬರಿದಾಗುತ್ತಿತ್ತು. ಅವರ ಕೋವಿಯಿಂದ ಒಂದು ಪ್ರಾಣಿಯಾದರೂ ಬಿದ್ದದ್ದನ್ನು ನಾವು ಕಂಡವರಲ್ಲ. ಕೋವಿಯ ಕೆಲಸ ಸದ್ದು ಮಾಡುವದೇ ಎಂದು ನಾವು ಬಾಲ್ಯದಲ್ಲಿ ನಂಬಿಕೊಂಡಿದ್ದೆವು. ಈಗಲೂ ಆ ನಂಬಿಕೆ ಪೂರ್ಣವಾಗಿ ಹೋಗಿಲ್ಲ.

ಲೈಸೆನ್ಸುದಾರನು ತೀರಿಕೊಂಡ ಬಳಿಕ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಪೋಲೀಸ್ ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ಆಯುಧದ ವ್ಯಾಪಾರಿಯಲ್ಲಾಗಲಿ ಠೇವಣಿಯಿಡಬೇಕು. ವಾರಸುದಾರನು ತನ್ನ ಹೆಸರಿಗೆ ಹೊಸ ಲೈಸೆನ್ಸು ಪಡೆದರೆ ಅದು ಅವನ ಕೈಗೆ ಬರುವದು. ಹದಿಮೂರು ದಿನಗಳ ಕರ್ಮಾಂತರ ಮುಗಿದೊಡನೆ ನಾವು ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತಂದೆವು. ಇನ್ನು ಅದನ್ನು ಯಾರ ಹೆಸರಿಗೆ ಮಾಡಿಸಬೇಕು ಎಂಬ ಮಾತು ಬಂದಾಗ, ನಮ್ಮ ತಮ್ಮನ ಮಗ ಚಿರಂಜೀವಿಯು ತನ್ನ ಅಭಿಪ್ರಾಯವನ್ನು ಮುಂದಿಟ್ಟನು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನ ನೌಕರಿಯನ್ನು ಬಿಟ್ಟು ತೋಟ ನೋಡಿಕೊಳ್ಳಲೆಂದು ಊರಿಗೆ ಬಂದವನು. ಇಂಥ ಹುಡುಗರು ಈ ಕಾಲದಲ್ಲಿ ಎಷ್ಟು ಜನ ಸಿಕ್ಕಾರು?

ವೈಶಾಖದ ಒಂದು ರಾತ್ರಿ ಚಿರತೆಯೊಂದು ನಮ್ಮ ಕೊಟ್ಟಿಗೆಯ ಹೊಸ್ತಿಲಿನಿಂದಲೇ ನಾಯಿಯನ್ನು ಎತ್ತಿಕೊಂಡು ಹೋಗಿತ್ತು. ಅದಾದ ವಾರದೊಳಗೆ, ನಡುರಾತ್ರಿ ವಿದ್ಯುತ್ತು ಬಂದಿತೆಂದು ಪಂಪು ಚಾಲು ಮಾಡಲು ಹೊಳೆಯಂಚಿಗೆ ಹೋದ ಹುಡುಗನ ಬ್ಯಾಟರಿಯ ಬೆಳಕಿನಲ್ಲಿ ಎರಡು ಕಣ್ಣುಗಳು ಮಿಂಚಿದವು. ಪ್ರಾಣಿ ತಾನಾಗಿ ಸರಿದುಹೋಯಿತು. ಅವನು ಮನೆಗೆ ಬಂದು ಹೇಳಿದಂದಿನಿಂದ ಅವನ ತಾಯಿಗೆ ರಾತ್ರಿ ನಿದ್ರೆಯಿಲ್ಲ.

"ದೊಡ್ಡಪ್ಪ, ಅಜ್ಜನ ಕೋವಿ ಮಾಳದ ಮೇಲೆ ಕುಳಿತವರಿಗೆ ಸರಿ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು ಪಂಪಿನ ಮನೆಗೆ ಹೋಗುವವನು ಅದನ್ನು ಎಲ್ಲಿ ಹೊತ್ತುಕೊಳ್ಳಬೇಕು? ಸೊಂಟಕ್ಕೆ ಸಿಕ್ಕಿಸುವಂಥ ಹಗುರವಾದ ಪಿಸ್ತೂಲೊಂದು ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ," ಎಂದನು ಅವನು.

ಮಾತು ಹುಡುಗಾಟಿಕೆಯದಾಗಿರಲಿಲ್ಲ. ತಾಯಿಯೂ ಮಗನ ಪಕ್ಷವನ್ನೇ ಹಿಡಿದಳು. ಎದುರಾಗಿ ನಿಂತವರು ಎಂಬತ್ತಮೂರು ವರ್ಷದ ನಮ್ಮ ಮಾತೃಶ್ರೀಯವರು ಮಾತ್ರ. ಕೋವಿ ಮನೆಯಿಂದ ಹೋದದ್ದು ಹೋಯಿತು, ಇನ್ನು ಯಾವ ಹೆಸರಿನಲ್ಲಿಯೂ ಅದು ಒಳಗೆ ಬರಕೂಡದು ಎಂಬದು ಅವರ ಹಟ. ಅದರ ಕಾರಣ ನಮಗೆ ಗೊತ್ತಿದ್ದರೂ ಯಾರೂ ಆಗ ಅದನ್ನು ಎತ್ತಲಿಲ್ಲ. ಹೀಗೆ ಇಬ್ಬರು ತಾಯಂದಿರ ನಡುವೆ ಸಿಕ್ಕ ನಾವು, ವಿಷಯವನ್ನು ಸರಿಯಾಗಿ ವಿಚಾರಿಸಿದ ಹೊರತು ಹೂಂ ಎನ್ನುವದೂ ಬೇಡ, ಉಹೂಂ ಎನ್ನುವದೂ ಬೇಡ ಎಂದು ಹೇಳಿ ಕಾಲಾವಕಾಶ ಪಡೆದೆವು.

ಮೊದಲು ಕಾಯಿದೆಯ ಮಾತು. 1878ರ ಆಯುಧ ಕಾಯಿದೆಯು ಈ ದೇಶದವನು ಲೈಸೆನ್ಸಿಲ್ಲದೆ ಕೋವಿಯನ್ನಿಟ್ಟುಕೊಳ್ಳಕೂಡದೆಂದು ವಿಧಿಸಿ, ಐರೋಪ್ಯರಿಗೆ ವಿನಾಯಿತಿಯನ್ನು ಕೊಟ್ಟಿತ್ತು. ಆಗ ನಮ್ಮ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಸ್ವಾತಂತ್ರ್ಯಾನಂತರ 1959ರಲ್ಲಿ ಹೊಸ ಕಾಯಿದೆ ಬಂದು 1962ರಿಂದ ಜಾರಿಯಾಯಿತು. ಈಗ ನಡೆಯುತ್ತಿರುವ ನಿಯಮಗಳು 2016ರವು. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೇರಿತು. ಇಪ್ಪತ್ತೊಂದು ವರ್ಷ ತುಂಬದವರಿಗೆ ಸಾಧಾರಣವಾಗಿ ಲೈಸೆನ್ಸಿಲ್ಲ. ಅರ್ಜಿದಾರನು ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನು ಪಡೆದಿರಬೇಕು.

ಈ ಕಾಯಿದೆಯ 13ನೆಯ ಕಲಮು ನಮ್ಮಂಥವರ ಮಟ್ಟಿಗೆ ಬಹಳ ಮುಖ್ಯವಾದದ್ದು. ನಿಜವಾದ ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೇಡಿದರೆ, ಅಥವಾ ರಕ್ಷಣೆಗಾಗಿ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪುಗೋವಿಯನ್ನು ಬೇಡಿದರೆ, ಬೇರೆ ಬಾಧಕವಿಲ್ಲದಿದ್ದಲ್ಲಿ ಅಧಿಕಾರಿಯು ಲೈಸೆನ್ಸು ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಕೇಪಿನ ಕೋವಿ ಬೆಳೆ ಕಾಯಲು ಸಾಲದೆಂದು ಮನವರಿಕೆಯಾದರೆ ಬೇರೆ ನುಣುಪುಗೋವಿಯನ್ನು ಕೊಡಲಿಕ್ಕೂ ಆಸ್ಪದವಿದೆ. ಪಿಸ್ತೂಲಿನ ಮಾತು ಹಾಗಲ್ಲ. ಅದಕ್ಕೆ ಸಕಾರಣವುಂಟೆಂದು ಕಾರವಾರದಲ್ಲಿರುವ ಜಿಲ್ಲಾ ದಂಡಾಧಿಕಾರಿಗಳಿಗೆ ತೃಪ್ತಿಯಾಗುವಂತೆ ತೋರಿಸಬೇಕು. ತೋಟದಲ್ಲಿ ಕಣ್ಣುಗಳು ಮಿಂಚಿದವೆಂಬದು ಸಕಾರಣವೋ ಅಲ್ಲವೋ ಎಂಬದನ್ನು ನಿರ್ಣಯಿಸುವವರು ಅವರು, ನಾವಲ್ಲ.

ಕೊಡಗಿನವರಿಗೆ ಈ ತೊಂದರೆ ಇಲ್ಲವಲ್ಲ ಎಂದು ಚಿರಂಜೀವಿ ಗೊಣಗಿದನು. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಆದರೆ ನೆರೆಮನೆಯ ಹಬ್ಬದೂಟ ನೆನೆಸಿ ನಮ್ಮ ಹೊಟ್ಟೆ ತುಂಬಲಾರದು.

ಇನ್ನು ಪಿಸ್ತೂಲಿನ ಅಳತೆಯ ವಿಚಾರ. ಅಳತೆಯ ಸಂಖ್ಯೆಗಳೇ ಮೊದಲು ಮನುಷ್ಯನನ್ನು ಗೊಂದಲಕ್ಕೀಡುಮಾಡುವವು. ನುಣುಪುಗೋವಿಯಲ್ಲಿ 12 ಬೋರೆಂದರೆ, ಒಂದು ಪೌಂಡು ಸೀಸದಲ್ಲಿ ಸಮನಾಗಿ 12 ಗುಂಡುಗಳನ್ನು ಎರಕ ಹೊಯ್ದರೆ ಅಂಥ ಒಂದು ಗುಂಡು ನಳಿಗೆಯಲ್ಲಿ ಸರಿಯಾಗಿ ಕೂಡ್ರುವಷ್ಟು ಅಗಲವೆಂದರ್ಥ. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು. ಪಿಸ್ತೂಲಿನಲ್ಲಿ .32 ಎಂದರೆ ಇಂಚಿನ ನೂರರಲ್ಲಿ 32 ಪಾಲು. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ದೊಡ್ಡದು. ಇದೇ .32 ತೋಟೆಯನ್ನು ಯುರೋಪಿನವರು 7.65 ಮಿಲಿಮೀಟರು ಎಂದು ಕರೆಯುವರು. ನಮ್ಮ ಹಿರಿಯರು ಕೊಳಗ, ಸಿದ್ದೆಗಳ ಲೆಕ್ಕದಲ್ಲಿ ಊರಿಗೊಂದು ಅಳತೆ ಇಟ್ಟಿದ್ದರೆಂದು ನಗುವವರು ಇದನ್ನು ನೋಡಬೇಕು.

ಸೈನ್ಯಕ್ಕೂ ಪೋಲೀಸರಿಗೂ ಮೀಸಲಾದ ತೋಟೆಗಳ ಆಯುಧವನ್ನು ಸಾಮಾನ್ಯ ಪ್ರಜೆಯು ಇಟ್ಟುಕೊಳ್ಳಕೂಡದು. ಇವಕ್ಕೆ ನಿಷಿದ್ಧ ಬೋರೆಂದು ಹೆಸರು. ಜಗತ್ತಿನಲ್ಲೆಲ್ಲ ಅತ್ಯಂತ ಪ್ರಚಾರದಲ್ಲಿರುವ 9 ಮಿಲಿಮೀಟರಿನ ಪ್ಯಾರಾಬೆಲಮ್ ತೋಟೆಯೇ ನಮ್ಮಲ್ಲಿ ನಿಷಿದ್ಧ. ಪರದೇಶದ ಪಿಸ್ತೂಲುಗಳನ್ನು ಖಾಸಗಿಯವರು ತರಿಸುವದೂ 1980ರ ದಶಕದಿಂದ ಬಹುಮಟ್ಟಿಗೆ ನಿಂತುಹೋಯಿತು. ಹೀಗಾಗಿ ಆರಿಸಿಕೊಳ್ಳಲು ಉಳಿಯುವದು ಮುಖ್ಯವಾಗಿ .32, ಅದಕ್ಕೂ ಚಿಕ್ಕದಾದ .22. ಆಯ್ಕೆಯೆಂದು ನಾವು ಹೊರಟದ್ದು ಹೆಚ್ಚು ಕಡಿಮೆ ಒಂದೇ ಬಾಗಿಲಿನ ಮನೆಗೆ ಬಂದು ನಿಂತಂತಾಯಿತು.

.32ರ ಪಿಸ್ತೂಲಿನ ತೋಟೆಯನ್ನು 1899ರಲ್ಲಿ ಜಾನ್ ಬ್ರೌನಿಂಗ್ ಎಂಬ ಅಮೇರಿಕದ ಪ್ರಸಿದ್ಧ ಶಿಲ್ಪಿಯು ಬೆಲ್ಜಿಯಮ್ ದೇಶದ ಕಾರ್ಖಾನೆಗಾಗಿ ರಚಿಸಿದನು. ಸ್ವತಃ ತುಂಬಿಕೊಳ್ಳುವ ಚಿಕ್ಕ ಪಿಸ್ತೂಲುಗಳು ಮನೆಮಾತಾದದ್ದು ಅಲ್ಲಿಂದ. ಅದರ ಯಂತ್ರ ಚಮತ್ಕಾರದ್ದು. ಹಿಡಿಯೊಳಗಿನ ಪೆಟ್ಟಿಗೆಯಲ್ಲಿ ಏಳೆಂಟು ತೋಟೆಗಳು ಸ್ಪ್ರಿಂಗಿನ ಮೇಲೆ ಸಾಲಾಗಿ ಕುಳಿತಿರುವವು. ಒಂದು ಗುಂಡು ಹಾರಿದೊಡನೆ ಅದರ ಒದೆತದಿಂದಲೇ ಮೇಲಿನ ಜಾರುಕವಚವು ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆ ಚೆಲ್ಲಿ, ಮುಂದಕ್ಕೆ ಬರುವಾಗ ಹೊಸದನ್ನು ನಳಿಗೆಗೆ ತಳ್ಳುವದು. ಪ್ರತಿಯೊಂದು ಗುಂಡಿಗೂ ಟ್ರಿಗರನ್ನು ಬೇರೆಬೇರೆಯಾಗಿ ಎಳೆಯಬೇಕಾದ್ದರಿಂದ ಇದಕ್ಕೆ ಅರೆಸ್ವಯಂಚಾಲಿತವೆಂದು ಹೆಸರು. ನಮ್ಮ ದೇಶದಲ್ಲಿ ಬಂಗಾಲದ ಇಷಾಪುರದ ಸರಕಾರಿ ಕಾರ್ಖಾನೆಯು ಈ ಜಾತಿಯ .32 ಪಿಸ್ತೂಲನ್ನು 'ಅಶನಿ' ಎಂಬ ಹೆಸರಿನಿಂದ ಮಾಡಿತು. ಇಂದ್ರನ ವಜ್ರಾಯುಧದ ಹೆಸರು, ಹೆಸರಿಗೇನು ಕೊರತೆಯಿಲ್ಲ.

ಹಗುರವಾದದ್ದೇ ಬೇಕೆಂಬವರಿಗೆ ತಿರುಗುಬುರುಡೆಯ ರಿವಾಲ್ವರುಗಳೂ ಇವೆ. ಕಾನಪುರದ ಕಾರ್ಖಾನೆಯು 2014ರ ಜನವರಿಯಲ್ಲಿ ಸ್ತ್ರೀಯರ ಆತ್ಮರಕ್ಷಣೆಗೆಂದು 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೊರತಂದಿತು. ಟೈಟಾನಿಯಮ್ ಮಿಶ್ರಲೋಹದ್ದಾದ್ದರಿಂದ ತೂಕ ಅರ್ಧ ಕಿಲೋ ಮಾತ್ರ. ಬೆಲೆಯೋ ಆಗಲೇ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಮೇಲೆ. 2023ರಲ್ಲಿ ಅದೇ ಊರಿನಿಂದ 700 ಗ್ರಾಮಿನ 'ಪ್ರಬಲ್' ಬಂದಿತು. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ರಿವಾಲ್ವರಿನ .32 ತೋಟೆಯೂ ಪಿಸ್ತೂಲಿನ .32 ತೋಟೆಯೂ ಒಂದೇ ಅಲ್ಲ. ಮೊದಲಿನದು ಉದ್ದ, ಎರಡನೆಯದು ಗಿಡ್ಡ. ಒಂದರದನ್ನು ಇನ್ನೊಂದರಲ್ಲಿ ಹಾಕುವ ಹಾಗಿಲ್ಲ.

ಹುಬ್ಬಳ್ಳಿಯ ಆಯುಧದಂಗಡಿಯೊಂದಕ್ಕೆ ನಾವು ಚಿರಂಜೀವಿಯನ್ನು ಕರೆದುಕೊಂಡು ಹೋದೆವು. ವ್ಯಾಪಾರಿಯು ಸಜ್ಜನನು; ಲೈಸೆನ್ಸಿಲ್ಲದವರ ಕೈಗೆ ವಸ್ತುವನ್ನು ಕೊಡದಿದ್ದರೂ ಕನ್ನಡಿಯ ಹಿಂದಿನಿಂದ ತೋರಿಸಿ ಮಾತಾಡಿಸಿದನು. ಹುಡುಗನ ಕಣ್ಣು ಆ ಚಿಕ್ಕ ಕಪ್ಪು ವಸ್ತುವಿನ ಮೇಲೆ ನೆಟ್ಟದ್ದನ್ನು ನೋಡಿದಾಗ, ನಿಜ ಹೇಳಬೇಕಾದರೆ, ನಮ್ಮ ಕಣ್ಣೂ ಅಲ್ಲಿಯೇ ನೆಟ್ಟಿತ್ತು. ಅಂಗೈಯಷ್ಟು ಜಾಗದಲ್ಲಿ ಅಷ್ಟೊಂದು ಕುಸುರಿ ಕೆಲಸವನ್ನು ಕಂಡರೆ ಯಾವ ಗಂಡಸಿಗೆ ಆಸೆಯಾಗದು?

"ಯಾವ ಪ್ರಾಣಿಗೆ?" ಎಂದು ವ್ಯಾಪಾರಿ ಕೇಳಿದನು. ಹಂದಿ, ಚಿರತೆ, ಒಮ್ಮೊಮ್ಮೆ ಕಾಡುಕೋಣವೆಂದೆವು. ಅವನು ನಕ್ಕು, "ಸ್ವಾಮೀ, ಇದು ಮನುಷ್ಯನ ಸಲುವಾಗಿ ಮಾಡಿದ್ದು," ಎಂದನು. ಇಡೀ ಪ್ರವಾಸದಲ್ಲಿ ನಾವು ಕೇಳಿದ ಮಾತುಗಳಲ್ಲಿ ಇದೇ ತೂಕದ್ದು.

ಊರಿಗೆ ಬಂದು ಲೆಕ್ಕ ಹಾಕಿದೆವು. .32 ಪಿಸ್ತೂಲಿನ ಗುಂಡಿನ ತೂಕ 4.6 ಗ್ರಾಮಿನಷ್ಟು, ಅದು ಸೆಕೆಂಡಿಗೆ ಸುಮಾರು 270 ಮೀಟರು ವೇಗದಿಂದ ಹೊರಟು 170 ಜೂಲಿನಷ್ಟು ಶಕ್ತಿಯನ್ನು ಒಯ್ಯುವದು. 12 ಬೋರಿನ ತೋಟೆಯು 30 ಗ್ರಾಮು ಸೀಸವನ್ನು ಹೊತ್ತು 2,000 ಜೂಲಿಗೂ ಮಿಕ್ಕಿದ ಶಕ್ತಿಯಿಂದ ಹೋಗುತ್ತದೆ. ಹತ್ತು ಪಾಲಿಗೂ ಹೆಚ್ಚು. ಬಲಿತ ಗಂಡುಹಂದಿಯ ಭುಜದ ಮೇಲೆ ದಪ್ಪ ಚರ್ಮವೂ ಗಟ್ಟಿ ಕೊಬ್ಬೂ ಸೇರಿ ಗುರಾಣಿಯಂತೆ ಇರುವದು. ಅದಕ್ಕೆ .32 ತಾಗಿದರೆ ಸಾಯುವದಿಲ್ಲ, ಸಿಟ್ಟಿಗೇಳುತ್ತದೆ. ಗಾಯಗೊಂಡ ಹಂದಿಯ ಎದುರಿಗೆ ನಿಂತವನ ಗತಿಯನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟನ್ನು ತೂಗಬಲ್ಲ ಕಾಡುಕೋಣದ ಮಾತನ್ನಂತೂ ಎತ್ತುವದೇ ಬೇಡ.

ಹುಡುಗನು ಸೋಲಲಿಲ್ಲ. ಕೊಲ್ಲುವದು ಬೇಕಿಲ್ಲ, ಸದ್ದಾದರೆ ಸಾಕು, ಅಷ್ಟಕ್ಕೆ ಪಿಸ್ತೂಲು ಸಾಲದೇ ಎಂದನು. ಆಗ ನಾವು ನೆರೆಯೂರಿನ ನಿವೃತ್ತ ಹವಾಲ್ದಾರರನ್ನು ಕರೆಯಿಸಿದೆವು. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಬಂದವರು, ಮಾತು ಕಡಿಮೆ. ರಾತ್ರಿ ಅಂಗಳದಲ್ಲಿ ಇಪ್ಪತ್ತು ಹೆಜ್ಜೆಯಾಚೆ ಒಂದು ಅಡಿಕೆಹಾಳೆಯನ್ನು ನಿಲ್ಲಿಸಿ, ತಕ್ಕಡಿಯಲ್ಲಿ 700 ಗ್ರಾಮು ತೂಗಿದ ಮರದ ತುಂಡೊಂದನ್ನು ಹುಡುಗನ ಬಲಗೈಗೆ ಕೊಟ್ಟು, ಎಡಗೈಯಲ್ಲಿ ಬ್ಯಾಟರಿ ಹಿಡಿದು ಹಾಳೆಯ ನಟ್ಟನಡುವಿಗೆ ಗುರಿಯಿಡು ಎಂದರು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ತುಂಡಿನ ತುದಿ ಗಾಳಿಯಲ್ಲಿನ ಬಾಳೆಸುಳಿಯ ಹಾಗೆ ಓಲಾಡತೊಡಗಿತು. ಬಳಿಕ ಗುಡ್ಡದ ಮೆಟ್ಟಿಲುಗಳನ್ನು ಎರಡು ಸಲ ಓಡಿ ಹತ್ತಿಸಿ ಇಳಿಸಿ, ಮತ್ತೆ ಗುರಿಯಿಡಿಸಿದರು. ಹುಡುಗನೇ ನಕ್ಕುಬಿಟ್ಟನು.

ಹವಾಲ್ದಾರರು ಹೇಳಿದ್ದಿಷ್ಟು: ಪಿಸ್ತೂಲು ಎಲ್ಲ ಆಯುಧಗಳಲ್ಲಿ ಕಲಿಯಲು ಕಠಿಣವಾದದ್ದು, ಏಕೆಂದರೆ ಅದಕ್ಕೆ ಭುಜದ ಆಧಾರವಿಲ್ಲ. ತಿಂಗಳಿಗೆ ಇಷ್ಟು ತೋಟೆ ಎಂದು ಅಭ್ಯಾಸ ಮಾಡದವನ ಕೈಯಲ್ಲಿ ಅದು ಇದ್ದರೂ ಇಲ್ಲದಂತೆ. ನಮ್ಮ ಊರಿನಲ್ಲಿ ಅಭ್ಯಾಸದ ಮೈದಾನವಿಲ್ಲ, ಲೈಸೆನ್ಸಿನಲ್ಲಿ ಬರೆದಷ್ಟು ತೋಟೆ ಮಾತ್ರ ಸಿಕ್ಕುವದು, ಅವೂ ಅಗ್ಗವಲ್ಲ. ಮೇಲಾಗಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಈ ತೀರದಲ್ಲಿ ಬೆವರಿದ ಸೊಂಟಕ್ಕೆ ತಾಗಿಕೊಂಡೇ ಇರುವ ಉಕ್ಕಿಗೆ ವಾರಕ್ಕೊಮ್ಮೆಯಾದರೂ ಬಿಚ್ಚಿ ಎಣ್ಣೆ ಹಾಕದಿದ್ದರೆ ತುಕ್ಕು ತಪ್ಪಿದ್ದಲ್ಲ. ಜಾರುಕವಚದ ಸಂದಿನಲ್ಲಿ ತುಕ್ಕೋ ಕೆಸರೋ ಸೇರಿದರೆ ಬೇಕಾದ ಹೊತ್ತಿಗೇ ತೋಟೆ ಸಿಕ್ಕಿಕೊಳ್ಳುವದು. ಕೇಪಿನ ಕೋವಿಗೂ ಮಳೆ ಶತ್ರುವೇ. ಆದರೆ ಕೇಪಿನ ಸುತ್ತ ಜೇನುಮೇಣ ಮೆತ್ತಿ ತೀರ್ಥರೂಪರು ಎಷ್ಟೋ ಆಷಾಢಗಳನ್ನು ದಾಟಿಸಿದ್ದರು.

ಹವಾಲ್ದಾರರು ಹೇಳಿದ ಇನ್ನೊಂದು ಮಾತನ್ನು, ಮನೆಯಲ್ಲಿ ಇಂಥ ಪಿಸ್ತೂಲಿರುವ ಗೃಹಿಣಿಯರೆಲ್ಲರೂ ತಿಳಿದಿರಲೆಂದು ಪ್ರತ್ಯೇಕವಾಗಿ ಬರೆಯುತ್ತೇವೆ. ಹಿಡಿಯೊಳಗಿನ ಪೆಟ್ಟಿಗೆಯನ್ನು ಹೊರಗೆ ತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಯಿತೆಂದು ತಿಳಿಯಕೂಡದು. ನಳಿಗೆಯೊಳಗೆ ಮೊದಲೇ ಸೇರಿಕೊಂಡ ಒಂದು ತೋಟೆ ಅಲ್ಲಿಯೇ ಉಳಿದಿರಬಹುದು. ಪೆಟ್ಟಿಗೆ ತೆಗೆದು, ಜಾರುಕವಚವನ್ನು ಹಿಂದಕ್ಕೆಳೆದು, ನಳಿಗೆಯ ಹಿಂಬದಿಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಬರಿದೆಂದು ತಿಳಿದುಕೊಂಡ ಮೇಲೆಯೂ ಅದರ ಮೋರೆಯನ್ನು ಮನುಷ್ಯನ ಕಡೆಗೆ ತಿರುಗಿಸಲಾಗದು. ಕೇಪಿನ ಕೋವಿಯಲ್ಲಿ ಈ ಮೋಸ ಕಡಿಮೆ. ಕೇಪು ತೆಗೆದಿದೆಯೋ ಇಲ್ಲವೋ ಎಂಬದು ಹೊರಗಿನಿಂದಲೇ ಕಾಣುವದು. ಆದರೂ ಬಾರು ಮಾಡಿದ ಕೋವಿ ಬಾರು ಮಾಡಿದ ಕೋವಿಯೇ.

ಇಲ್ಲಿಗೆ ಮಾತೃಶ್ರೀಯವರ ಮಾತು ಬಂದಿತು. ಜಗಲಿಯ ಕಂಬಕ್ಕೊರಗಿ ಎಲ್ಲವನ್ನೂ ಕೇಳುತ್ತಿದ್ದ ಅವರು, ಅರುವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಎತ್ತದಿದ್ದ ಸಂಗತಿಯನ್ನು ತಾವೇ ಎತ್ತಿದರು. ಅವರ ತವರುಮನೆಯಲ್ಲಿ, ಭತ್ತದ ಕೊಯ್ಲಿನ ಕಾಲದಲ್ಲಿ, ಮಾಳದಿಂದ ಬೆಳಗಿನ ಜಾವ ಬಂದವರು ಬಾರು ಮಾಡಿದ ಕೋವಿಯನ್ನು ಹಾಗೆಯೇ ಗೋಡೆಯ ಗೂಟಕ್ಕೆ ತಗುಲಿಸಿ ಸ್ನಾನಕ್ಕೆ ಹೋದರು. ಗೂಟ ಜಾರಿತು. ಕೆಳಗೆ ಓದುತ್ತ ಕುಳಿತಿದ್ದ ಹನ್ನೊಂದು ವರ್ಷದ ಹುಡುಗ ನಮ್ಮ ಸೋದರಮಾವ. ಕಾಲು ಮೊಣಕಾಲಿನಿಂದ ಹೋಯಿತು. ದೋಣಿಯಲ್ಲಿ ಶರಾವತಿಯನ್ನು ದಾಟಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಾವ ಬದುಕಿದರು. ಆದರೆ ಕೋವಿ ತಗುಲಿಸಿದ ನಮ್ಮ ಅಜ್ಜಂದಿರು ಅಂದಿನಿಂದ ಮನೆಯವರ ಸಂಗಡ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲವಂತೆ.

"ಅದು ಇಷ್ಟುದ್ದದ ಕೋವಿ, ಎಲ್ಲರಿಗೂ ಕಾಣುವಂಥದ್ದು. ನೀವು ತರಬೇಕೆನ್ನುವದು ದಿಂಬಿನ ಕೆಳಗೆ ಅಡಗುವಂಥದ್ದು. ಮನೆಯಲ್ಲಿ ಮೊಮ್ಮಕ್ಕಳು ಹರಿದಾಡುತ್ತಾರೆ," ಎಂದರು ಮಾತೃಶ್ರೀಯವರು. "ಆಯಿ, ಹಾಗಾದರೆ ಹುಡುಗ ಬರಿಗೈಯಲ್ಲಿ ಹೋಗಬೇಕೇ?" ಎಂದು ನಮ್ಮ ತಮ್ಮನು ಕೇಳಿದನು. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಮರುದಿನ ಕೊಟ್ಟರು, ಅದನ್ನು ಮುಂದೆ ಹೇಳುತ್ತೇವೆ.

ಇಷ್ಟರೊಳಗೆ ನಾವು ನೆಂಟರಿಷ್ಟರಲ್ಲಿಯೂ ವಿಚಾರಿಸಿದ್ದೆವು. ಭಟ್ಕಳ ತಾಲೂಕಿನಲ್ಲಿ, ಕೋಗಾರು ಘಟ್ಟದ ದಾರಿಗೆ ಹತ್ತಿರವಾದ ಊರಿನಲ್ಲಿ ನಮ್ಮ ತಂಗಿಯ ಮನೆ. ಅವರಲ್ಲಿ ಕೋವಿಯೇ ಇಲ್ಲ. ತೋಟಕ್ಕೆ ಸೌರಶಕ್ತಿಯ ತಂತಿಬೇಲಿ ಹಾಕಿಸಿದ್ದಾರೆ; ಮುಟ್ಟಿದ ಪ್ರಾಣಿಗೆ ಕ್ಷಣಮಾತ್ರದ ಹೊಡೆತ ಬಿದ್ದು ಹಿಂದೆ ಸರಿಯುವದು, ಸಾಯುವದಿಲ್ಲ. ಬೇಲಿಯ ಬುಡದ ಹುಲ್ಲನ್ನು ಹದಿನೈದು ದಿನಕ್ಕೊಮ್ಮೆ ಸವರದಿದ್ದರೆ ಮಳೆಗಾಲದಲ್ಲಿ ಶಕ್ತಿಯೆಲ್ಲ ಹುಲ್ಲಿನ ಮೂಲಕ ನೆಲಕ್ಕಿಳಿದುಬಿಡುವದೆಂದೂ, ಮಂಗಗಳಿಗೆ ಈ ಬೇಲಿ ಲೆಕ್ಕಕ್ಕಿಲ್ಲವೆಂದೂ ಭಾವಯ್ಯನವರು ಹೇಳಿದರು. ಕುಮಟಾ ತಾಲೂಕಿನ ಇನ್ನೊಬ್ಬ ಭಾವಯ್ಯನವರದು ಅಘನಾಶಿನಿಯ ಅಳಿವೆಯ ಕಡೆಯ ಗಜನಿ ಭೂಮಿ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವವರು. ಅವರಿಗೆ ಹಂದಿಯ ಚಿಂತೆಗಿಂತ ಏಡಿಯ, ಹಕ್ಕಿಯ ಚಿಂತೆ ಹೆಚ್ಚು. ನಮ್ಮ ಪಿಸ್ತೂಲಿನ ಕಥೆಯನ್ನು ಕೇಳಿ, ಏಡಿಗೆ ಯಾವ ಬೋರು ಒಳ್ಳೆಯದೆಂದು ವಿಚಾರಿಸಿ ಬರೆಯಿರಿ ಎಂದು ಹಾಸ್ಯ ಮಾಡಿದರು.

ಕಾಡಿನ ಕಾಯಿದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ತನ್ನ ಅಥವಾ ಇನ್ನೊಬ್ಬನ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ಕೊಂದವನು ಕಾಯಿದೆಗೆ ವಿರುದ್ಧವಾದ ಬೇರೆ ಕೃತ್ಯದಲ್ಲಿ ತೊಡಗಿದ್ದರೆ ಈ ರಕ್ಷಣೆ ಅವನಿಗಿಲ್ಲ, ಸತ್ತ ಪ್ರಾಣಿಯಂತೂ ಸರಕಾರದ ಸ್ವತ್ತು. ಅಭಯಾರಣ್ಯದೊಳಗೆ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅಪ್ಪಣೆಯಿಲ್ಲದೆ ಆಯುಧವನ್ನು ಒಯ್ಯುವದೇ ಅಪರಾಧ. ನಮ್ಮ ತಾಲೂಕಿನ ಮೂಡಣ ಅಂಚಿನಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವಿದೆ. ಅಲ್ಲಿ ಗಡಿಯೆಂದರೆ ಗೋಡೆಯಲ್ಲ. ಒಂದು ಹಳ್ಳ, ಒಂದು ಕಲ್ಲು. ಸೊಂಟದಲ್ಲಿ ಪಿಸ್ತೂಲನ್ನು ಇಟ್ಟುಕೊಂಡು ತಪ್ಪಿಸಿಕೊಂಡ ಆಕಳನ್ನು ಹುಡುಕುತ್ತ ಹೋದ ಹುಡುಗನಿಗೆ ತಾನು ಆ ಹಳ್ಳವನ್ನು ದಾಟಿದ್ದು ತಿಳಿಯುವದು ಹೇಗೆ? ಉದ್ದದ ಕೋವಿಯನ್ನಾದರೆ ಮನೆಯಲ್ಲಿ ಬಿಟ್ಟು ಹೋಗುವನು. ಹಗುರವಾದದ್ದು ಯಾವಾಗಲೂ ಮೈಮೇಲೇ ಇರುವದು. ಯಾವ ಗುಣಕ್ಕಾಗಿ ಪಿಸ್ತೂಲು ಬೇಕೆಂದು ಹೊರಟೆವೋ ಆ ಗುಣವೇ ಇಲ್ಲಿ ಕುತ್ತಾಗಿ ಕಂಡಿತು.

ಚುನಾವಣೆ ಬಂದಾಗಲೆಲ್ಲ ಆಯುಧವನ್ನು ಠಾಣೆಯಲ್ಲಿಡಬೇಕೆಂಬ ಕಟ್ಟಳೆ ಪಿಸ್ತೂಲಿಗೂ ಕೋವಿಗೂ ಸಮವೇ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ ಆದರೂ ಎಣಿಕೆ ಜೂನ್ 4ಕ್ಕೆ ಆಯಿತು. ಬೇಸಗೆಯಿಡೀ ಬಾಳೆತೋಟವನ್ನು ಕಾಯುವವರು ಬರಿಗೈಯಲ್ಲಿದ್ದರು. ಬೇಕಾದವರು ಕಾರಣ ತೋರಿಸಿ ವಿನಾಯಿತಿ ಕೇಳಬಹುದು. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವದಿಲ್ಲವೆಂಬದು ಮಾತ್ರ ನಮ್ಮ ರೈತರ ಹಳೆಯ ದೂರು.

ಮಾತೃಶ್ರೀಯವರು ಮರುದಿನ ಹೇಳಿದ್ದು ಹೀಗೆ: ಕೋವಿ ಬೇಕೇಬೇಕಾದರೆ ಅಜ್ಜನದೇ ಬರಲಿ. ಆದರೆ ಕೋವಿ ಒಂದು ಕೋಣೆಯಲ್ಲಿ, ಮದ್ದು ಕೇಪುಗಳು ಇನ್ನೊಂದರಲ್ಲಿ. ಒಂದರ ಕೀಲಿಕೈ ಹುಡುಗನಲ್ಲಿ, ಇನ್ನೊಂದರದು ಅವನ ತಾಯಿಯಲ್ಲಿ. ಬಾರು ಮಾಡಿದ ಕೋವಿ ಜಗಲಿಯನ್ನು ಹತ್ತಕೂಡದು. ಮಾಳದಿಂದ ಇಳಿಯುವ ಮೊದಲೇ ಹಾರಿಸಿ ಬರಿದು ಮಾಡಿ ಬರಬೇಕು. ನಡುರಾತ್ರಿ ಪಂಪಿನ ಮನೆಗೆ ಒಬ್ಬನೇ ಹೋಗಕೂಡದು. ತಾವೇ ಎದ್ದು ಬಾಗಿಲಲ್ಲಿ ದೀಪ ಹಿಡಿದು ನಿಲ್ಲುವೆವೆಂದೂ ಸೇರಿಸಿದರು. ಎಂಬತ್ತಮೂರು ವರ್ಷದವರ ಈ ಕಡೆಯ ಕರಾರನ್ನು ಕೇಳಿ ಹುಡುಗನಿಗೆ ನಾಚಿಕೆಯಾಯಿತು. ಅವನ ತಾಯಿ ಏನನ್ನೂ ಹೇಳದೆ ಒಳಗೆ ಹೋದಳು. ಅವಳ ಭಯ ಪೂರ್ತಿಯಾಗಿ ಹೋಗಿದೆಯೆಂದು ನಾವು ಹೇಳಲಾರೆವು.

ಪಂಪಿನ ಕಾಟಕ್ಕೆ ಹುಡುಗನೇ ಉಪಾಯವನ್ನು ಮಾಡಿದನು. ವಿದ್ಯುತ್ತು ಬಂದೊಡನೆ ತಾನಾಗಿ ಚಾಲೂ ಆಗುವ, ಮೊಬೈಲಿನಿಂದಲೂ ನಡೆಸಬಹುದಾದ ಸಲಕರಣೆಯನ್ನು ತರಿಸಿ ಪಂಪಿಗೆ ಜೋಡಿಸಿದನು. ಅದಕ್ಕೆ ತಗುಲಿದ ಖರ್ಚು ಪಿಸ್ತೂಲಿನ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಕೊಟ್ಟಿಗೆಗೆ ಕಬ್ಬಿಣದ ಜಾಳಿಗೆಯ ಬಾಗಿಲನ್ನು ಇಡಿಸಿದೆವು. ಹೊಸದಾಗಿ ತಂದ ಎರಡು ನಾಯಿಗಳು ರಾತ್ರಿ ಅದರೊಳಗೇ ಮಲಗುವವು. ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ ಬಂದದ್ದರಿಂದ ಎರಡೂ ಕೈಗಳು ಬಿಡುವಾಗಿರಬೇಕೆಂಬ ಅವನ ಮೊದಲಿನ ಆಶೆಯೂ ಈಡೇರಿತು. ಆ ಕೈಗಳಲ್ಲಿ ಈಗ ಕೊಡೆ ಒಂದು, ಬೆತ್ತದ ದೊಣ್ಣೆ ಒಂದು.

ವಾರಸಾ ಲೈಸೆನ್ಸಿನ ಅರ್ಜಿಯನ್ನು ಅವನ ಹೆಸರಿನಿಂದಲೇ ಶ್ರಾವಣದಲ್ಲಿ ಕಳುಹಿಸಿದ್ದೇವೆ. ತರಬೇತಿಯನ್ನು ಮುಗಿಸಿದ ಪ್ರಮಾಣಪತ್ರವನ್ನೂ, ನಾವು ಇತರ ವಾರಸುದಾರರು ಒಪ್ಪಿ ಬರೆದುಕೊಟ್ಟ ಕಾಗದವನ್ನೂ ಜೊತೆಗಿಟ್ಟಿದ್ದೇವೆ. ಪೋಲೀಸರು ಬಂದು ವಿಚಾರಣೆ ಮಾಡಿಕೊಂಡು ಹೋದರು. ಎರಡು ಕೋಣೆಗಳನ್ನೂ ಎರಡು ಬೀಗಗಳನ್ನೂ ಮಾತೃಶ್ರೀಯವರು ಸ್ವತಃ ಅವರಿಗೆ ತೋರಿಸಿದರು. ಅಪ್ಪಣೆ ಇನ್ನೂ ಬಂದಿಲ್ಲ. ಗದ್ದೆಯಲ್ಲಿ ಭತ್ತ ಹಾಲು ಕಟ್ಟಿದೆ. ಈ ಸಲ ಮಾಳದ ಮೇಲೆ ಹುಡುಗನೂ ನಮ್ಮ ತಮ್ಮನೂ ಸರದಿಯ ಮೇಲೆ ತಗಡಿನ ಡಬ್ಬಿಯನ್ನು ಬಾರಿಸುತ್ತ ಕುಳಿತಿದ್ದಾರೆ.